ತೊಳೆದ ಮೂರೇ ದಿನಕ್ಕೆ ಮತ್ತೆ ಕೆರೆತ, ಮತ್ತೆ ವಾಸನೆ: ನಾಯಿಯ ಮೈಯಲ್ಲಿ ದೋಷ ಹುಡುಕುವ ಬಗೆ

ದೂರು ಹೆಚ್ಚಾಗಿ ಒಂದೇ ಥರ ಇರುತ್ತದೆ. ಭಾನುವಾರ ಸ್ನಾನ ಮಾಡಿಸಿದ್ದಾಯಿತು, ಬುಧವಾರದ ಹೊತ್ತಿಗೆ ನಾಯಿ ಮತ್ತೆ ಕೆರೆದುಕೊಳ್ಳುತ್ತಿದೆ, ಪಕ್ಕದಲ್ಲಿ ಬಂದು ಕೂತರೆ ಮೂಗು ಮುಚ್ಚಿಕೊಳ್ಳಬೇಕು. ಮುಂದಿನ ವಾರದಿಂದ ಸ್ನಾನ ಎರಡು ಸಲ ಆಗುತ್ತದೆ, ಶಾಂಪೂ ಬದಲಾಗುತ್ತದೆ, ಯಾರೋ ಹೇಳಿದರೆಂದು ಊಟವೂ ಬದಲಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ ಮೇಲೆ ಯಾವುದರಿಂದ ಏನಾಯಿತು ಎಂದು ದೇವರೇ ಬಂದರೂ ಹೇಳಲಾರ.

ಕೊಳೆಯಿಂದಲೇ ಬರುವ ಕೆರೆತ ತೀರಾ ಕಡಿಮೆ. ಉಣ್ಣಿ, ಚಿಗಟ, ಕಜ್ಜಿಹುಳು, ಶಿಲೀಂಧ್ರ, ಅಲರ್ಜಿ, ಇಲ್ಲವೇ ಸ್ನಾನವೇ ಸರಿಯಾಗಿ ಆಗದಿರುವುದು, ಕಾರಣ ಬಹುಪಾಲು ಇಷ್ಟರಲ್ಲೇ ಇರುತ್ತದೆ. ಒಂದೊಂದಕ್ಕೂ ನಾಯಿಯ ಮೈಮೇಲೆ ತನ್ನದೇ ಜಾಗ ಇದೆ. ಬಕೆಟ್ ತುಂಬಿಸುವ ಮೊದಲು ಆ ಜಾಗ ಹುಡುಕಬೇಕು.

ಮೊದಲ ಹತ್ತು ನಿಮಿಷ: ನೀರು ಮುಟ್ಟದೆ ನೋಡುವುದು

ಹಗಲು ಬೆಳಕಿನಲ್ಲಿ, ಬಿಳಿ ಹಳೆಯ ಪಂಚೆಯ ಮೇಲೆ ನಾಯಿಯನ್ನು ನಿಲ್ಲಿಸಿ. ಹೇನು ಬಾಚುವಂಥ ಸಣ್ಣ ಹಲ್ಲಿನ ಬಾಚಣಿಗೆ, ಒದ್ದೆ ಮಾಡಿದ ಬಿಳಿ ಟಿಶ್ಯೂ, ಒಂದು ಟಾರ್ಚ್ ಇದ್ದರೆ ಸಾಕು. ಸೊಂಟದಿಂದ ಬಾಲದ ಬುಡದವರೆಗೆ ಕೂದಲಿಗೆ ಎದುರಾಗಿ ಬಾಚಿ. ಕಪ್ಪು ಪುಡಿ ಬಿದ್ದರೆ ಅದನ್ನು ಒದ್ದೆ ಟಿಶ್ಯೂ ಮೇಲೆ ಉದುರಿಸಿ ಬೆರಳಿನಿಂದ ಒತ್ತಿ, ಒಂದು ನಿಮಿಷ ಬಿಡಿ. ಪುಡಿಯ ಸುತ್ತ ಕಂದುಗೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಹರಡದೆ ಕಪ್ಪಾಗೇ ಉಳಿದರೆ ಬರೀ ಮಣ್ಣು. ಚಿಗಟ ಕಣ್ಣಿಗೆ ಬೀಳಲೇಬೇಕೆಂದಿಲ್ಲ, ಹಿಕ್ಕೆ ಸಿಕ್ಕರೆ ಸಾಕು.

ಆಮೇಲೆ ಕೆರೆಯುವ ಜಾಗ ಗುರುತಿಸಿ.

ಸೊಂಟ, ಬಾಲದ ಬುಡ, ಹಿಂತೊಡೆಯ ಒಳಭಾಗ ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಕಿವಿಯ ಅಂಚು, ಮೊಣಕೈ, ಹಿಮ್ಮಡಿಯ ಗಂಟು ಒರಟಾಗಿ, ಹೊಟ್ಟು ಎದ್ದು, ನಾಯಿ ಹಗಲೂ ರಾತ್ರಿ ಕೆರೆಯುತ್ತಿದ್ದರೆ ಕಜ್ಜಿ. ಪಂಜದ ಬೆರಳ ಸಂದು, ಕಂಕುಳು, ತೊಡೆಸಂದು, ಕುತ್ತಿಗೆಯ ಕೆಳಗೆ ಜಿಡ್ಡು ಜಿಡ್ಡಾಗಿ ಹುಳಿ ವಾಸನೆ ಹೊಡೆಯುತ್ತಿದ್ದರೆ ಮಲಸೀಜಿಯಾ ಎಂಬ ಶಿಲೀಂಧ್ರ. ಪಂಜ, ಮುಖ, ಕಿವಿ ಮೂರೂ ಸೇರಿ ವರ್ಷವಿಡೀ ಕಾಟ ಕೊಡುತ್ತಿದ್ದರೆ ಅಲರ್ಜಿ. ಮೈತುಂಬ ಬಿಳಿ ಹೊಟ್ಟು, ಚರ್ಮ ಒಣಒಣ, ಸ್ನಾನದ ಮರುದಿನವೇ ಕೆರೆತ ಜಾಸ್ತಿ ಎಂದಾದರೆ ತಪ್ಪು ಬಚ್ಚಲಲ್ಲೇ ನಡೆಯುತ್ತಿದೆ.

ಕೂದಲು ಉದುರುತ್ತಿದೆ, ಆದರೆ ಕೆರೆತವೇ ಇಲ್ಲ ಎನ್ನುವುದು ಬೇರೆ ದಾರಿ. ಮರಿಯ ಕಣ್ಣಿನ ಸುತ್ತ, ಬಾಯಿಯ ಅಂಚಿನಲ್ಲಿ, ಮುಂಗಾಲಲ್ಲಿ ಕೂದಲಿಲ್ಲದ ಬೋಳು ಮಚ್ಚೆ ಕಂಡರೆ ಡೆಮೊಡೆಕ್ಸ್ ಹುಳು ಇರಬಹುದು. ನಡುವಯಸ್ಸಿನ ನಾಯಿ ದಪ್ಪಗಾಗಿ, ಸದಾ ಮಲಗಿ, ಎರಡೂ ಪಕ್ಕೆಯಲ್ಲಿ ಒಂದೇ ಸಮ ಕೂದಲು ತೆಳುವಾಗಿ, ಬಾಲ ಇಲಿಬಾಲದಂತಾದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಇವೆರಡೂ ಶಾಂಪೂವಿನಿಂದ ಬಗೆಹರಿಯುವಂಥವಲ್ಲ.

ಬಚ್ಚಲಲ್ಲಿ ಆಗುವ ತಪ್ಪು

ನಾಯಿಯ ಚರ್ಮದ ಪಿಎಚ್ ಹೆಚ್ಚುಕಡಿಮೆ 7ರ ಆಸುಪಾಸು, ನಮ್ಮದು 5.5ರ ಹತ್ತಿರ. ಅದರ ಹೊರಚರ್ಮ ನಮ್ಮದಕ್ಕಿಂತ ತೆಳು. ಮನೆಮಂದಿಯ ಶಾಂಪೂ, ಮೈಸೋಪು, ಬಟ್ಟೆಸೋಪು ಮೇಲಿನ ಎಣ್ಣೆಪದರವನ್ನು ಕಿತ್ತುಹಾಕುತ್ತವೆ. ಚರ್ಮ ಬಿಗಿದು ತುರಿಸುತ್ತದೆ. ಮಕ್ಕಳ ಶಾಂಪೂ ಒಂದೆರಡು ಸಲಕ್ಕೆ ಪರವಾಗಿಲ್ಲ, ರೂಢಿಗೆ ಬೇಡ. ನಂಜುನಿರೋಧಕ ದ್ರಾವಣವನ್ನು ಬಕೆಟ್ಟಿಗೆ ಮುಚ್ಚಳಗಟ್ಟಲೆ ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದನ್ನು ಇವತ್ತೇ ಬಿಡಬೇಕು. ಗಾಯವಿದ್ದ ಚರ್ಮ ಸುಡುತ್ತದೆ, ನಾಯಿ ಮೈ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ.

ರೋಗವಿಲ್ಲದ ನಾಯಿಗೆ ಮೂರ್ನಾಲ್ಕು ವಾರಕ್ಕೊಮ್ಮೆ ಸ್ನಾನ ಸಾಕು. ಮುಧೋಳದಂಥ ಗಿಡ್ಡಕೂದಲ ನಾಯಿಗೆ ಅಷ್ಟೂ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ರಬ್ಬರ್ ಬ್ರಷ್ ಆಡಿಸಿದರೆ ಮೈ ಹೊಳೆಯುತ್ತದೆ. ಲ್ಯಾಬ್ರಡಾರ್, ಗೋಲ್ಡನ್, ಜರ್ಮನ್ ಶೆಫರ್ಡ್‌ಗಳ ಕಥೆ ಬೇರೆ. ಅವಕ್ಕೆ ಹೊರಗೊಂದು, ಒಳಗೊಂದು ಎಂದು ಎರಡು ಪದರ ಕೂದಲು. ಒಳಪದರದ ತನಕ ನೀರು ಹೋಗುವುದೂ ಕಷ್ಟ, ಹೋದ ನೀರು ಹೊರಬರುವುದೂ ಕಷ್ಟ.

ಕ್ರಮ ಹೀಗಿರಲಿ. ಒಣಗಿದ್ದಾಗಲೇ ಬ್ರಷ್ ಮಾಡಿ ಗಂಟು ಬಿಡಿಸಿ; ಒದ್ದೆಯಾದ ಮೇಲೆ ಗಂಟು ಬಿಗಿದುಕೊಂಡು ಅದರಡಿಯಲ್ಲಿ ನೀರು ಕೂರುತ್ತದೆ. ನೀರು ಮಣಿಕಟ್ಟಿನ ಒಳಮೈಗೆ ಬಿಸಿ ಎನ್ನಿಸಬಾರದು, 37 ಡಿಗ್ರಿಯ ಆಸುಪಾಸು ಸಾಕು. ಬಿಸಿನೀರು ಕೆರೆತವನ್ನು ಕೆರಳಿಸುತ್ತದೆ. ಜಾರದಂತೆ ಕಾಲಡಿಗೆ ಒದ್ದೆ ಗೋಣಿಚೀಲ ಹಾಸಿ. ಅರ್ಧ ರಂಪಾಟ ಕಾಲು ಜಾರುವ ಹೆದರಿಕೆಯಿಂದಲೇ ಬರುವುದು. ಶಾಂಪೂವನ್ನು ನೇರ ಬೆನ್ನ ಮೇಲೆ ಸುರಿಯದೆ, ಸಾದಾ ಶಾಂಪೂ ಆದರೆ ಒಂದು ಪಾಲಿಗೆ ಐದಾರು ಪಾಲು ನೀರು ಬೆರೆಸಿ ಬಾಟಲಿಯಲ್ಲಿ ಕಲಕಿ ಹಾಕಿ. ಔಷಧಿ ಶಾಂಪೂ ಮಾತ್ರ ಲೇಬಲ್‌ನಲ್ಲಿ ಹೇಳದ ಹೊರತು ತೆಳುಮಾಡಬೇಡಿ. ಚಿಗಟವಿದ್ದರೆ ಮೊದಲು ಕುತ್ತಿಗೆಯ ಸುತ್ತ ನೊರೆಯ ಪಟ್ಟಿ ಕಟ್ಟಿ, ಇಲ್ಲವಾದರೆ ಅವೆಲ್ಲ ಮುಖ, ಕಿವಿಯ ಕಡೆ ಓಡುತ್ತವೆ. ಮುಖಕ್ಕೆ ನೊರೆ ಬೇಡ, ಒದ್ದೆ ಬಟ್ಟೆ ಸಾಕು.

ತೊಳೆಯುವುದಕ್ಕೆ ಹಿಡಿದ ಹೊತ್ತಿನ ಎರಡರಷ್ಟು ಹೊತ್ತು ನೊರೆ ತೆಗೆಯಲು ಬೇಕು. ಬೋರ್‌ವೆಲ್‌ನ ಗಡಸು ನೀರಿದ್ದ ಕಡೆ ಇನ್ನೂ ಸ್ವಲ್ಪ ಹೆಚ್ಚು. ಆ ನೀರಿನಲ್ಲಿ ಸೋಪು ಜಿಗುಟಾಗಿ ಕೂದಲ ಬುಡದಲ್ಲೇ ಕೂತುಬಿಡುತ್ತದೆ. ಆಯಿತೇ ಇಲ್ಲವೇ ತಿಳಿಯಲು ಕಂಕುಳಿನ ಕೂದಲನ್ನು ಎರಡು ಬೆರಳ ನಡುವೆ ಹಿಡಿದು ಎಳೆದು ನೋಡಿ. ನುಣುಪಾಗಿ ಜಾರಿದರೆ ಸೋಪು ಇನ್ನೂ ಇದೆ, ತುಸು ತಡೆದಂತೆ ಬಂದರೆ ಮುಗಿಯಿತು. ಸ್ನಾನವಾದ ಮರುದಿನದ ಕೆರೆತಕ್ಕೆ ಉಳಿದುಹೋದ ಸೋಪೇ ಕಾರಣವಾಗಿರುವುದು ಬಹಳ ಸಲ.

ಒಣಗಿಸುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನ ಕಡೆ, ದಪ್ಪಕೂದಲ ನಾಯಿ ಗಂಟೆಗಟ್ಟಲೆ ಒದ್ದೆಯಾಗಿ ಉಳಿಯುತ್ತದೆ. ಆ ತೇವದಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೆಲವೇ ಗಂಟೆಗಳಲ್ಲಿ ಅಂಗೈಯಗಲದ ಕೆಂಪು, ಅಂಟು ಗಾಯ ಏಳುತ್ತದೆ. ಹಾಟ್‌ಸ್ಪಾಟ್ ಎನ್ನುವುದು ಇದನ್ನೇ. ಟವೆಲಿನಿಂದ ಉಜ್ಜದೆ ಒತ್ತಿ ನೀರು ಹೀರಿಸಿ, ಎರಡನೇ ಒಣ ಟವೆಲ್ ಬಳಸಿ, ಆಮೇಲೆ ಫ್ಯಾನ್ ಅಥವಾ ಬಿಸಿಯಿಲ್ಲದ ಗಾಳಿಯ ಡ್ರೈಯರ್. ಬೆರಳ ಸಂದು, ಬಾಲದಡಿ, ಕಂಕುಳು, ಕಿವಿಯ ಹಿಂಬದಿ ಕೈಯಲ್ಲೇ ಮುಟ್ಟಿ ನೋಡಿ. ಹಾಟ್‌ಸ್ಪಾಟ್ ಎದ್ದೇಬಿಟ್ಟರೆ ಸುತ್ತಲ ಕೂದಲನ್ನು ಹುಷಾರಾಗಿ ಕತ್ತರಿಸಿ ಗಾಳಿಯಾಡುವಂತೆ ಮಾಡಿ, ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ ಕಟ್ಟಿ ವೈದ್ಯರಿಗೆ ತೋರಿಸಿ. ಎಣ್ಣೆ, ಅರಿಸಿನದ ಲೇಪ, ಪೌಡರ್ ಏನೂ ಹಚ್ಚಬೇಡಿ. ಒಣಗಬೇಕಾದ ಗಾಯಕ್ಕೆ ಅದು ಮುಚ್ಚಳ ಹಾಕಿದಂತೆ.

ಉಣ್ಣಿ: ನಾಯಿ ಮೇಲಲ್ಲ, ಗೋಡೆಯಲ್ಲಿ

ಊರುಮನೆಗಳಲ್ಲಿ ನಾಯಿಗೆ ಹತ್ತುವುದು ಹೆಚ್ಚಾಗಿ ಕಂದುಬಣ್ಣದ ನಾಯಿ ಉಣ್ಣಿ. ಕೆಲವು ಕಡೆ ಉಣುಗು ಎನ್ನುತ್ತಾರೆ. ಇದರ ವಿಶೇಷವೆಂದರೆ ಮನೆಯೊಳಗೇ ಸಂಸಾರ ಹೂಡಬಲ್ಲದು. ರಕ್ತ ಕುಡಿದು ಹರಳುಬೀಜದಂತೆ ಊದಿದ ಹೆಣ್ಣು ಕೆಳಗೆ ಬಿದ್ದು, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮರಿ, ಎಳೆಯದು, ಬಲಿತದ್ದು ಹೀಗೆ ಮೂರು ಹಂತದಲ್ಲೂ ಒಮ್ಮೊಮ್ಮೆ ನಾಯಿಯನ್ನು ಹತ್ತಿ, ಕುಡಿದು, ಮತ್ತೆ ಇಳಿಯುತ್ತದೆ. ಮಧ್ಯೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಆದ್ದರಿಂದ ಇವತ್ತು ನಾಯಿಯಿಂದ ಇಪ್ಪತ್ತು ಉಣ್ಣಿ ಕಿತ್ತರೆ ಬಾಗಿಲ ಚೌಕಟ್ಟಿನಲ್ಲಿರುವ ಸೈನ್ಯಕ್ಕೆ ಏನೂ ಆಗಿರುವುದಿಲ್ಲ.

ನೋಡಬೇಕಾದ ಜಾಗಗಳು: ನಾಯಿ ಮಲಗುವ ಗೋಣಿಚೀಲದ ಹೊಲಿಗೆ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಿಂಬದಿ, ಕಿಟಕಿಯ ಸಂದು, ಗೂಡಿನ ಮೇಲ್ಮೂಲೆ. ಉಣ್ಣಿ ಮೇಲಕ್ಕೆ ಹತ್ತುವ ಪ್ರಾಣಿ, ನೆಲ ಮಾತ್ರ ಒರೆಸಿದರೆ ಸಿಗುವುದಿಲ್ಲ. ನಾಯಿಯ ಮೇಲೆ ಕಿವಿಯ ಒಳಮಡಿಕೆ, ಬೆರಳ ಸಂದು, ಕಾಲರ್ ಕೆಳಗೆ, ಬಾಲದಡಿ. ಬೆರಳ ಸಂದನ್ನು ಬಿಡಿಸಿ ನೋಡದೆ ಇಲ್ಲ ಎಂದು ಹೇಳಬೇಡಿ. ಸಾಸಿವೆಯಷ್ಟಿರುವ ಎಳೆ ಉಣ್ಣಿ ಅಲ್ಲೇ ಅಡಗಿರುತ್ತದೆ.

ಕೀಳುವಾಗ ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನ ಎಳೆಯಿರಿ. ಬೆರಳುಗುರಿನಲ್ಲಿ ಒಡೆಯಬೇಡಿ, ಅದರೊಳಗಿನ ರಕ್ತ ಕೈಗೆ ಬೇಡ. ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು, ವ್ಯಾಸಲೀನ್ ಮೆತ್ತುವುದು ಎಲ್ಲ ಹಳೇ ಕಸರತ್ತು. ಕಿರುಕುಳಕ್ಕೆ ಉಣ್ಣಿ ತನ್ನ ಜೊಲ್ಲನ್ನು ಇನ್ನಷ್ಟು ಒಳಗೆ ಬಿಡುತ್ತದೆ, ರೋಗಾಣು ಇರುವುದೂ ಅದರಲ್ಲೇ. ಬೇವಿನೆಲೆ ಕುದಿಸಿದ ನೀರಿನಲ್ಲಿ ಮೈ ತೊಳೆದರೆ ತಪ್ಪೇನಿಲ್ಲ, ಆದರೆ ಉಣ್ಣಿಯ ಕಾಟಕ್ಕೆ ಅದೊಂದನ್ನೇ ನೆಚ್ಚಿ ಕೂತರೆ ಕೆಟ್ಟಿರಿ.

ಔಷಧಿಯಲ್ಲಿ ಎರಡು ಬಗೆ ಹೆಚ್ಚು ಚಾಲ್ತಿಯಲ್ಲಿವೆ. ಫಿಪ್ರೊನಿಲ್‌ನಂಥ ಬೆನ್ನಿಗೆ ಹಾಕುವ ಹನಿ ಚರ್ಮದ ಎಣ್ಣೆಯ ಜತೆ ಮೈತುಂಬ ಹರಡಬೇಕು. ಆದ್ದರಿಂದ ಅದಕ್ಕೆ ಎರಡು ದಿನ ಮೊದಲು, ಎರಡು ದಿನ ಆಮೇಲೆ ಸ್ನಾನ ಕೂಡದು. “ಹನಿ ಹಾಕಿದರೂ ಉಪಯೋಗವಾಗಲಿಲ್ಲ” ಎನ್ನುವವರಲ್ಲಿ ಎಷ್ಟೋ ಜನ ಅದೇ ದಿನ ಶಾಂಪೂ ಹಾಕಿರುತ್ತಾರೆ, ಇಲ್ಲವೇ ಕೂದಲು ಬಿಡಿಸದೆ ಕೂದಲ ಮೇಲೇ ಸುರಿದಿರುತ್ತಾರೆ. ಅಫಾಕ್ಸೊಲಾನರ್, ಫ್ಲುರಾಲಾನರ್‌ನಂಥ ಮಾತ್ರೆಗೆ ಸ್ನಾನದ ತೊಡಕಿಲ್ಲ, ಆದರೆ ಉಣ್ಣಿ ಕಚ್ಚಿದ ಮೇಲೇ ಸಾಯುವುದು. ಹಾಗಾಗಿ ಮಾತ್ರೆ ಕೊಟ್ಟ ನಾಯಿಯ ಮೇಲೆ ಒಂದೆರಡು ಉಣ್ಣಿ ಕಂಡರೆ ಮಾತ್ರೆ ಸೋತಿತೆಂದು ಅರ್ಥವಲ್ಲ. ಫಿಟ್ಸ್ ಬರುವ ನಾಯಿಗೆ ಈ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ಯಾವುದಾದರೂ ಸರಿ, ನಾಯಿಯ ತೂಕ ಅಂದಾಜಿನಲ್ಲಿ ಬೇಡ: ನಾಯಿಯನ್ನೆತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನೀವೊಬ್ಬರೇ ಹತ್ತಿ, ಕಳೆಯಿರಿ. ಮೂರು ತಿಂಗಳಾದರೂ ಬಿಡದೆ ನಡೆಸಿದರೆ ಗೋಡೆಯಿಂದ ಇಳಿದ ಪ್ರತಿ ತಲೆಮಾರಿಗೂ ಔಷಧಿ ತಾಗುತ್ತದೆ.

ಅಮಿಟ್ರಾಜ್ ದ್ರಾವಣ ಅಗ್ಗ, ಅಂಗಡಿಯಲ್ಲೂ ಸುಲಭವಾಗಿ ಸಿಗುತ್ತದೆ, ಎಡವಟ್ಟೂ ಅದರಲ್ಲೇ ಜಾಸ್ತಿ. ಅಳತೆ ತಪ್ಪಿದರೆ, ನಾಯಿ ಮೈ ನೆಕ್ಕಿದರೆ ತೂಕಡಿಕೆ, ನಿಧಾನವಾದ ಹೃದಯಬಡಿತ, ವಾಂತಿ. ಮರಿಗೆ, ಸಕ್ಕರೆ ಕಾಯಿಲೆಯ ನಾಯಿಗೆ ಬೇಡ. ಪರ್ಮೆತ್ರಿನ್ ಇರುವ ಹನಿಯನ್ನು ಬೆಕ್ಕಿರುವ ಮನೆಯಲ್ಲಿ ತರಲೇಬೇಡಿ, ಬೆಕ್ಕಿಗದು ವಿಷ.

ಮಲೆನಾಡಿನವರಿಗೆ ಒಂದು ಮಾತು. ಮಂಗನ ಕಾಯಿಲೆ ಹರಡುವ ಕಾಡಿನ ಉಣ್ಣಿ ಬೇರೆ ಜಾತಿ. ಆದರೆ ಬೇಸಿಗೆಯಲ್ಲಿ ನಾಯಿ ಕಾಡು ಸುತ್ತಿ ಬಂದರೆ ಅದನ್ನೂ ಹೊತ್ತು ತರಬಹುದು. ಒಳಗೆ ಬಿಡುವ ಮೊದಲು ಅಂಗಳದಲ್ಲೇ ಬಾಚಿ.

ಜ್ವರ ಬಂದರೆ ಸ್ನಾನ, ಶಾಂಪೂ ಎಲ್ಲ ಪಕ್ಕಕ್ಕೆ

ಉಣ್ಣಿ ಕಂಡ ಒಂದರಿಂದ ಮೂರು ವಾರದಲ್ಲಿ ನಾಯಿ ಊಟ ಬಿಟ್ಟರೆ, ಮಂಕಾಗಿ ಮೂಲೆ ಹಿಡಿದರೆ ಮೊದಲು ಒಸಡು ನೋಡಿ. ತಿಳಿಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಚಿದ್ದರೆ, ಒಸಡಲ್ಲೋ ಹೊಟ್ಟೆಯ ಚರ್ಮದಲ್ಲೋ ಸಾಸಿವೆಯಂಥ ಕೆಂಪು ಚುಕ್ಕೆಗಳಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ. ಗುದದಲ್ಲಿ ನೋಡಿದ ಉಷ್ಣತೆ ಸಾಮಾನ್ಯವಾಗಿ 101ರಿಂದ 102.5 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಜ್ವರವೆನಿಸುವುದು ನಾಯಿಗೆ ಸಹಜ. 103 ದಾಟಿದರೆ ಜ್ವರ.

ಉಣ್ಣಿಜ್ವರ ಎಂದು ಕರೆಯುವುದು ಒಂದೇ ರೋಗವನ್ನಲ್ಲ. ಎರ್ಲಿಕಿಯಾ ಒಂದು, ಬಬೇಸಿಯಾ ಇನ್ನೊಂದು. ಮೊದಲನೆಯದಕ್ಕೆ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ, ಎರಡನೆಯದಕ್ಕೆ ಬೇರೆಯೇ ಔಷಧಿ ಬೇಕು. ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ತಂದರೆ ಎಡವುವುದು ಇಲ್ಲೇ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ, ರಕ್ತಲೇಪ (ಗಾಜಿನ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಎರಡನ್ನೂ ಕೇಳಿ. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ ನಾಲ್ಕು ವಾರದ ಮಾತ್ರೆ. ಮೂರನೇ ದಿನ ನಾಯಿ ಬಾಲ ಅಲ್ಲಾಡಿಸಿತೆಂದು ನಿಲ್ಲಿಸಿದರೆ ರೋಗ ಒಳಗೇ ಉಳಿಯುತ್ತದೆ. ಮನುಷ್ಯರ ಜ್ವರದ, ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಚಿಕಿತ್ಸಾ ವಿಭಾಗವಿದೆ.

ಚಿಗಟ, ಕಜ್ಜಿ, ಜಿಡ್ಡು

ಚಿಗಟದಲ್ಲೂ ಉಣ್ಣಿಯದ್ದೇ ಪಾಠ. ಬಲಿತದ್ದು ನಾಯಿಯ ಮೇಲಿರುತ್ತದೆ, ಮೊಟ್ಟೆ, ಮರಿ, ಕೋಶ ಮನೆಯ ಹಾಸಿನಲ್ಲಿ. ಕೋಶದೊಳಗಿನ ಚಿಗಟಕ್ಕೆ ಯಾವ ಸಿಂಪಡಣೆಯೂ ಅಷ್ಟು ಸುಲಭವಾಗಿ ತಾಗುವುದಿಲ್ಲ. ಹಾಸಿಗೆಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ತೊಳೆದು, ಮೂಲೆಮೂಲೆ ಗುಡಿಸಿ, ಕಸವನ್ನು ಕೂಡಲೇ ಹೊರಗೆ ಹಾಕಿ. ಮನೆಯಲ್ಲಿರುವ ಎಲ್ಲ ನಾಯಿ, ಬೆಕ್ಕಿಗೂ ಒಂದೇ ದಿನ ಅವುಗಳದ್ದೇ ಔಷಧಿ. ಬಾಲದಡಿ ಅಕ್ಕಿಕಾಳಿನಂಥವು ಅಂಟಿಕೊಂಡಿದ್ದರೆ ಲಾಡಿಹುಳು. ಚಿಗಟ ನುಂಗಿದ್ದರಿಂದ ಬಂದದ್ದು.

ಕಜ್ಜಿಯ ಅನುಮಾನಕ್ಕೆ ಸುಲಭದ ಪರೀಕ್ಷೆಯಿದೆ. ಕಿವಿಯ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಐದು ಸೆಕೆಂಡು ಉಜ್ಜಿ. ಅದೇ ಪಕ್ಕದ ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯತೊಡಗಿದರೆ ಸಾರ್ಕಾಪ್ಟಿಸ್ ಹುಳುವಿನ ಸಾಧ್ಯತೆ ಬಲವಾಗಿದೆ. ಮನೆಯವರ ಮುಂಗೈ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದಿದ್ದರೆ ಇನ್ನೂ ಬಲ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹುಳು ಸಿಗಲಿಲ್ಲವೆಂದರೆ ಕಜ್ಜಿಯಿಲ್ಲ ಎಂದಾಗುವುದಿಲ್ಲ, ಅದು ತಪ್ಪಿಸಿಕೊಳ್ಳುವುದು ಸಾಮಾನ್ಯ. ಸುಟ್ಟ ಎಂಜಿನ್ ಆಯಿಲ್ ಬಳಿಯುವವರು ಇವತ್ತಿಗೂ ಇದ್ದಾರೆ. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಐವರ್‌ಮೆಕ್ಟಿನ್ ಚುಚ್ಚುಮದ್ದು ಕಾಲಿ (Collie) ಜಾತಿಯ ನಾಯಿಗಳಿಗೂ ಅವುಗಳ ಬೆರಕೆಗಳಿಗೂ ಪ್ರಾಣಾಪಾಯ. ದನಕ್ಕೆ ತಂದದ್ದನ್ನು ನಾಯಿಗೆ ಚುಚ್ಚಬೇಡಿ.

ಮಲಸೀಜಿಯಾಕ್ಕೆ 2 ಶೇಕಡ ಕ್ಲೋರ್‌ಹೆಕ್ಸಿಡಿನ್, 2 ಶೇಕಡ ಮೈಕೊನಜೋಲ್ ಇರುವ ಶಾಂಪೂ ವಾರಕ್ಕೆರಡು ಸಲದಂತೆ ಮೂರು ವಾರ. ಮೂರ್ನಾಲ್ಕು ವಾರಕ್ಕೊಮ್ಮೆ ಎಂದದ್ದು ರೋಗವಿಲ್ಲದ ಮೈಗೆ, ಇದು ಚಿಕಿತ್ಸೆ. ನೊರೆ ಹತ್ತು ನಿಮಿಷ ಮೈಮೇಲೆ ಇರಬೇಕು. ಅಂದಾಜು ಬೇಡ, ಮೊಬೈಲಿನಲ್ಲಿ ಟೈಮರ್ ಇಡಿ. ಎರಡು ನಿಮಿಷಕ್ಕೆ ತೊಳೆದುಬಿಟ್ಟರೆ ದುಬಾರಿ ಶಾಂಪೂ ಮೋರಿಯ ಪಾಲು. ಕೆರೆತ ಹೆಚ್ಚಿರುವ ಜಾಗಕ್ಕೆ ಮೊದಲು ಹಚ್ಚಿದರೆ ಅಲ್ಲಿ ಹೆಚ್ಚು ಹೊತ್ತು ಸಿಗುತ್ತದೆ. ಜಿಡ್ಡು ಹೋಗಿ ತಿಂಗಳಲ್ಲೇ ಮರಳಿದರೆ ಶಿಲೀಂಧ್ರದ ಹಿಂದೆ ಇನ್ನೊಂದು ಕಾರಣವಿದೆ, ಹೆಚ್ಚಾಗಿ ಅಲರ್ಜಿ.

ವಾಸನೆ ಚರ್ಮದ್ದೇ ಆಗಿರಬೇಕಿಲ್ಲ

ಒದ್ದೆಯಾದಾಗ ಮಾತ್ರ ನಾತ ಬಂದು, ಒಣಗಿದ ಮೇಲೆ ಹೋದರೆ ಅದು ನಾಯಿಯ ಸಹಜ ವಾಸನೆ, ಸುಮ್ಮನಿರಿ. ಒಣಗಿದ ಮೇಲೂ ಇದ್ದರೆ ಬಾಯಿ, ಕಿವಿ, ಬಾಲದಡಿ ಮೂರನ್ನೂ ಬೇರೆ ಬೇರೆ ಮೂಸಿ ನೋಡಬೇಕು. ಮೀನು ಕೊಳೆತಂಥ ವಾಸನೆ, ಕುಂಡಿ ನೆಲಕ್ಕೆ ಉಜ್ಜುವುದು ಇದ್ದರೆ ಗುದಗ್ರಂಥಿ ತುಂಬಿದೆ. ಮೊದಲ ಸಲ ವೈದ್ಯರಿಂದಲೇ ಹಿಂಡಿಸಿ. ತಲೆ ಕೊಡವುತ್ತಾ, ಕಿವಿಯಲ್ಲಿ ಕಂದು ಗುಗ್ಗೆ ತುಂಬಿದ್ದರೆ ಹತ್ತಿಕಡ್ಡಿ ತೂರಿಸಬೇಡಿ, ಗುಗ್ಗೆ ಇನ್ನೂ ಒಳಕ್ಕೆ ಹೋಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್, ಬಿಸಿ ಎಣ್ಣೆಯೂ ಬೇಡ. ಕಿವಿತಮಟೆ ಹರಿದಿದೆಯೇ ಎಂದು ವೈದ್ಯರು ನೋಡಿದ ಮೇಲೇ ಕಿವಿಗೆ ಹನಿ. ಹಲ್ಲಿನ ಬುಡದಲ್ಲಿ ಹಳದಿಕಂದು ಗಾರೆ ಕಟ್ಟಿದ್ದರೆ ಎಷ್ಟು ಸ್ನಾನ ಮಾಡಿಸಿದರೂ ಮನೆ ನಾರುತ್ತಲೇ ಇರುತ್ತದೆ.

ತಟ್ಟೆಯ ಕಡೆ

ಕೂದಲು ಬಹುಪಾಲು ಪ್ರೋಟೀನಿನಿಂದಲೇ ಆದದ್ದು. ಮೊಸರನ್ನದ ಮೇಲೇ ಬೆಳೆದ ನಾಯಿಯ ಕೂದಲು ಮಂಕಾಗಿ, ಒರಟಾಗಿ, ಸಹಜಕ್ಕಿಂತ ಹೆಚ್ಚಾಗಿ ಉದುರುವುದಕ್ಕೆ ಲೆಕ್ಕ ಇಲ್ಲಿದೆ: 10 ಕೆಜಿಯ ಬೆಳೆದ ನಾಯಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಪ್ರೋಟೀನ್ ಬೇಕು. 300 ಗ್ರಾಂ ಅನ್ನದಲ್ಲಿ ಸಿಗುವುದು 8 ಗ್ರಾಂ, 100 ಗ್ರಾಂ ಮೊಸರಿನಲ್ಲಿ 3ರಿಂದ 4. ಅರ್ಧಕ್ಕೂ ಸಾಲದು. ಬೇಯಿಸಿದ ಮೊಟ್ಟೆ ಒಂದಕ್ಕೆ 6 ಗ್ರಾಂ, ಮೂಳೆ ತೆಗೆದು ಬೇಯಿಸಿದ 100 ಗ್ರಾಂ ಕೋಳಿಮಾಂಸದಲ್ಲಿ 25ರ ಮೇಲೆ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಬೇಡ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಇವೂ ಬೇಡ. ಪಾಯಸದ ತಳ ನೆಕ್ಕಿಸುವಾಗ ಒಣದ್ರಾಕ್ಷಿ ನೆನಪಿರಲಿ.

ಊಟದ ಅಲರ್ಜಿ ಎಂದು ಅನುಮಾನ ಬಂದರೆ ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಡಿ, ಅದರ ಉತ್ತರ ನಂಬುವಂಥದ್ದಲ್ಲ. ನಾಯಿ ಹಿಂದೆಂದೂ ತಿನ್ನದ ಒಂದು ಮಾಂಸ ಅಥವಾ ಮೀನು, ಜತೆಗೆ ಒಂದೇ ಧಾನ್ಯ ಅಥವಾ ಗೆಡ್ಡೆ, ಎಂಟು ವಾರ ಅಷ್ಟೇ. ಬರೀ ಇವೆರಡರಲ್ಲಿ ಎಲ್ಲ ಪೋಷಕಾಂಶ ಸಿಗುವುದಿಲ್ಲ, ಮರಿಗಾದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಈ ಪರೀಕ್ಷೆ ಕೆಡುವುದು ಮುಖ್ಯ ಊಟದಿಂದಲ್ಲ, ಅಜ್ಜಿ ಟೀ ಹೊತ್ತಿಗೆ ಕೊಡುವ ಅರ್ಧ ಬಿಸ್ಕೆಟ್‌ನಿಂದ, ಮಾಂಸದ ರುಚಿ ಹಾಕಿದ ಜಂತುಮಾತ್ರೆಯಿಂದ. ಕೆರೆತ ಇಳಿದ ಮೇಲೆ ಹಳೆಯ ಊಟವನ್ನು ಬೇಕೆಂದೇ ಮತ್ತೆ ಹಾಕಿ ನೋಡಬೇಕು. ಎರಡು ವಾರದೊಳಗೆ ಕೆರೆತ ಮರಳಿದರೆ ಆರೋಪಿ ಸಿಕ್ಕಂತೆ, ಮರಳದಿದ್ದರೆ ಊಟವನ್ನು ದೂರಬೇಡಿ. ಎಂಟು ವಾರದ ಆ ಅವಧಿಯಲ್ಲಿ ಉಣ್ಣಿ, ಚಿಗಟದ ಔಷಧಿ ತಪ್ಪದೆ ನಡೆಯುತ್ತಿರಲಿ, ಶಾಂಪೂ ಮೊದಲಿನದ್ದೇ ಇರಲಿ. ಇಲ್ಲವಾದರೆ ಇಳಿದ ಕೆರೆತದ ಶ್ರೇಯ ಯಾವುದಕ್ಕೆ ಕೊಡಬೇಕೆಂದು ಮತ್ತೆ ತಿಳಿಯುವುದಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ: ಸ್ನಾನದ ದಿನ, ಹನಿ ಅಥವಾ ಮಾತ್ರೆಯ ದಿನ, ಕೆರೆತಕ್ಕೆ ಹತ್ತರಲ್ಲಿ ಎಷ್ಟು ಅಂಕ. ವೈದ್ಯರ ಮುಂದೆ ಕೂತಾಗ ಆ ಹಾಳೆ ಬೇಕಾಗುತ್ತದೆ. ಬರೆಯಲು ತೆಗೆದಾಗ ಅದರ ಹಿಂಬದಿಯಲ್ಲಿ ಉಣ್ಣಿ ಇದೆಯೇ ಎಂದೂ ನೋಡಿಬಿಡಿ.